ಗಾಡಿ ತುಂಬೂತನಕ

ಇಂಡಿ ಪಟ್ಟಣದಲ್ಲಿ ಕಾಯಿ ಆರಿಸಿ ಲಾರಿಗೆ ತುಂಬುವ ಲಿಂಬೆ ವಖಾರದಲ್ಲಿ ಶೇವಂತೆವ್ವನಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲ. ಮಾತು ಪಕ್ಕದವಳ ಜೊತೆ ನಡೆದೇ ಇರುತ್ತಿತ್ತು. ಬೆರಳು ಮಾತ್ರ ದಪ್ಪ ಕಾಯಿ ಒಂದು ಬುಟ್ಟಿಗೆ, ಸಣ್ಣದು ಇನ್ನೊಂದಕ್ಕೆ, ಕಲೆ ಬಿದ್ದದ್ದು ಉಪ್ಪಿನಕಾಯಿ ರಾಶಿಗೆ ಎಂದು ತಪ್ಪದೆ ಎಸೆಯುತ್ತಿದ್ದವು. ಹನ್ನೊಂದು ವರ್ಷದಿಂದ ಹಲಸಂಗಿ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ತಿರುಗಿ ಹೋಗುವ ಹೊತ್ತು ಮಾತ್ರ ಅವಳ ಕೈಯಲ್ಲಿರಲಿಲ್ಲ. ಅಲ್ಲಿ ಕೆಲಸ ಮುಗಿಯುತ್ತಿದ್ದುದು ಗಡಿಯಾರ ನೋಡಿ ಅಲ್ಲ, ಲಿಂಬೆ ಒಯ್ಯುವ ಗಾಡಿ ತುಂಬಿದಾಗ. ಹೊತ್ತು ಮುಳುಗುವ ಮೊದಲು ಮನೆ ಸೇರಬೇಕೆಂಬ ಆಸೆಯನ್ನು ಅವಳು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಹೇಳಿದರೆ ನಾಳೆಯಿಂದ ಬರಬೇಡ ಅನ್ನಲಿಕ್ಕೆ ಎಷ್ಟು ಹೊತ್ತು?

ಒಂದು ದಿನ ತಾಳಿಕೋಟೆಯ ನಿಷತ ಬಂದಳು. ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುವ ಹುಡುಗಿ. ಹೆಂಗಸರ ದುಡಿಮೆಯ ಸಮೀಕ್ಷೆ ಅವಳ ಪಾಲಿಗೆ ಬಂದಿತ್ತು. ದಿನಕ್ಕೆ ಎಷ್ಟು ಕೆಲಸ ಎಂದು ಕೇಳಿದಳು.

"ಒಂದ ಗಾಡಿ," ಅಂದಳು ಶೇವಂತೆವ್ವ.

"ತಾಸ ಎಷ್ಟ ಆಗ್ತಾವರಿ, ದೊಡ್ಡವ್ವ?"

"ಅದನ್ನ ಗಾಡಿಗೇ ಕೇಳಬೇಕವ್ವ."

ಹೆಂಗಸರೆಲ್ಲ ನಕ್ಕರು. ಸಮೀಕ್ಷೆಯ ಫಾರ್ಮಿನಲ್ಲಿ ತಾಸು ಬರೆಯಲು ಖಾನೆ ಇತ್ತು, ಗಾಡಿಗೆ ಇರಲಿಲ್ಲ. ನಿಷತ ಹಟಮಾರಿ, ಮರುದಿನ ತಾನೇ ಬುಟ್ಟಿ ಎಳೆದುಕೊಂಡು ಕುಳಿತಳು. ಗಾಡಿ ತುಂಬುವಷ್ಟರಲ್ಲಿ ಬೆರಳ ಸಂದಿಯೆಲ್ಲ ಲಿಂಬೆ ರಸಕ್ಕೆ ಉರಿಯುತ್ತಿತ್ತು, ಕಡೆಯ ಬಸ್ಸೂ ಹೋಗಿತ್ತು. ಶೇವಂತೆವ್ವನ ಜೊತೆ ಟಂಟಂ ರಿಕ್ಷಾ ಹತ್ತಿ ಹೋಗಿ, ಅವಳ ಮನೆಯಲ್ಲೇ ರೊಟ್ಟಿ ತಿಂದು ಮಲಗಿದಳು. ಬೆಳಿಗ್ಗೆ ಎದ್ದು ಹದಿಮೂರು ತಾಸು ಎಂದು ಬರೆದುಕೊಂಡಳು.

ಅವಳ ಮೇಷ್ಟ್ರು ಆ ಕಾಗದ ಓದಿ ಸುಮ್ಮನೆ ಕೂರಲಿಲ್ಲ. ತಮ್ಮ ಹಾಸ್ಟೆಲುಗಳಿಗೆ ಲಿಂಬೆ ಹೋಗುವುದು ಇದೇ ವಖಾರದಿಂದ ಎಂದು ಪತ್ತೆ ಹಚ್ಚಿದರು. ನಮ್ಮ ತಾಟಿನ ಉಪ್ಪಿನಕಾಯಿಯೇ ಹೀಗಾದರೆ ನಾವು ಯಾವ ಮುಖದಿಂದ ಪಾಠ ಹೇಳುವುದು ಎಂದು ಮೇಲಿನವರ ಬೆನ್ನು ಹತ್ತಿದರು. ಕೊನೆಗೆ ವಿಶ್ವವಿದ್ಯಾಲಯ ಒಂದು ಕರಾರು ಹಾಕಿತು: ದುಡಿಯುವವರಿಗೆ ಹೊತ್ತು ಗೊತ್ತುಮಾಡದವರ ಹತ್ತಿರ ಖರೀದಿ ಇಲ್ಲ.

ವಖಾರದ ಮಾಲೀಕ ಸೋಮನಿಂಗ ಸಾಹುಕಾರರು ಕೆಂಡವಾದರು. ಹುಡುಗಿಗೆ ಹೇಳಿದವರು ಯಾರು ಎಂದು ಕೇಳಿದರು. ಬೇರೆಯವರು ಕಾಯಿ ಆರಿಸುತ್ತಲೇ ಇದ್ದರು. ಶೇವಂತೆವ್ವ ಕೈಯಲ್ಲಿದ್ದ ಕಾಯಿ ಬುಟ್ಟಿಗೆ ಹಾಕಿ ಎದ್ದು ನಿಂತಳು.

"ನಾನ ಹೇಳೇನ್ರಿ. ಸುಳ್ಳ ಏನ ಹೇಳಿಲ್ರಿ."

ಸಾಹುಕಾರರು ಲೆಕ್ಕ ಹಾಕಿದರು. ಹಾಸ್ಟೆಲಿನ ಗಿರಾಕಿ ಬಿಡುವಂಥದ್ದಲ್ಲ; ಹದಿಮೂರು ತಾಸು ಎಂಬುದು ಸುಳ್ಳೂ ಅಲ್ಲ. ಮುಂದಿನ ವಾರ ಗೋಡೆಗೆ ಬೋರ್ಡು ಬಿತ್ತು: ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಕೂಲಿ ಮೊದಲಿನಷ್ಟೇ; ಐದರ ಮೇಲೆ ನಿಂತರೆ ಬೇರೆ ಕೂಲಿ.

ಮೊದಲ ದಿನ ಐದಾಯಿತು. ಗಾಡಿ ಇನ್ನೂ ಅರ್ಧವೇ ತುಂಬಿತ್ತು, ಹಾಗಾಗಿ ಒಬ್ಬರೂ ಏಳಲಿಲ್ಲ. ಕೊನೆಗೆ ಸಾಹುಕಾರರೇ ಏಳ್ರವ್ವ ಎಂದು ಗೊಣಗಬೇಕಾಯಿತು.

ಶೇವಂತೆವ್ವ ಊರಿಗೆ ಬಂದಿಳಿದಾಗ ಇನ್ನೂ ಬಿಸಿಲಿತ್ತು. ಅವಳಿಗೆ ಹಿಗ್ಗೋ ಹಿಗ್ಗು. ಕುರಿ ಹೊಡೆದುಕೊಂಡು ಬರುತ್ತಿದ್ದ ಗಂಡ ಬೀರಣ್ಣ ಬಾಗಿಲಲ್ಲಿ ಅವಳನ್ನು ಕಂಡು ಗಾಬರಿಬಿದ್ದ.

"ಯಾಕ, ಕೆಲಸದಿಂದ ತಗದ್ರೇನು?"

"ಇಲ್ಲ. ಐದ ಆತು, ಬಂದೆ."

ಬೀರಣ್ಣ ಕುರಿಗಳನ್ನು ಹಟ್ಟಿಗೆ ಹೊಡೆದ. ಅಷ್ಟರಲ್ಲಿ ಅವಳು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು, ಇವತ್ತು ಚಾ ನೀನೇ ಮಾಡು ಎಂದಳು.