ಸೇಬು ಹೆಚ್ಚುವ ಚೂರಿ

ನೆವಾಡದ ದನಗಾಹಿ ಆರ್ವಿಲಜ್ಜನಿಗೆ ಟೆಕ್ಸಾಸಿನವರನ್ನು ಕಂಡರೆ ಬಾಯಿ ತುರಿಸುತ್ತದೆ. ಅಜ್ಜನದು ದೋಸೆಕಾವಲಿಯಂಥ ಚಪ್ಪಟೆ ಟೊಪ್ಪಿ, ಕೊರಳಿಗೆ ಮದುಮಗನಿಗೂ ಸಿಗದ ರೇಷ್ಮೆ ವಸ್ತ್ರ, ಕೈಯಲ್ಲಿ ಅರವತ್ತಡಿಯ ಚರ್ಮದ ಹಗ್ಗ. ಅದನ್ನು ಬೀಸಿದರೆ ಪಕ್ಕದ ಜಿಲ್ಲೆಯ ಹೋರಿಯೂ ತಾನಾಗಿಯೇ ಕತ್ತು ಚಾಚುತ್ತದಂತೆ. ಟೆಕ್ಸಾಸಿನಿಂದ ಬಂದ ಡ್ವೇನನ ಮೂವತ್ತಡಿ ಹಗ್ಗ ನೋಡಿ, “ಏನ್ಲಾ ಮಗಾ, ಇದೇನು ಚಡ್ಡಿ ಲಾಡಿಯಾ?” ಎನ್ನುತ್ತಾನೆ. ಹೋರಿಗೆ ಬಿದ್ದ ಹಗ್ಗದ ಇನ್ನೊಂದು ತುದಿಯನ್ನು ಅಜ್ಜ ಕುದುರೆಯ ಜೀನಿನ ಮುಂದಿರುವ ಕೊಂಬಿಗೆ ಬರೀ ಸುತ್ತುತ್ತಾನೆ, ಬೇಕೆಂದಾಗ ಬಿಟ್ಟುಬಿಡಬಹುದು. ಡ್ವೇನ್ ಗಂಟೇ ಹಾಕುತ್ತಾನೆ. “ಸುತ್ತಕ್ಕೋಗಿ ಹೆಬ್ಬೆಟ್ಟು ಕಳ್ಕೊಂಡೋನು ನೀನಲ್ವಾ ಅಜ್ಜಾ? ನಂಗೆ ಹತ್ತೂ ಬೆರಳವೆ, ಎಣಿಸ್ಕೋ.” “ನಂಗೆ ಹೋಗಿದ್ದು ಹೆಬ್ಬೆಟ್ಟು ಕಣ್ಲಾ. ನೀ ಹಾಕೋ ಗಂಟಿಂದ ಹೋರಿ ಹಿಂದೆ ಕುದುರೆ ಹೋಯ್ತದೆ, ಕುದುರೆ ಕೆಳಗೆ ನೀನು.” ಇಂಥ ಅಜ್ಜ ದಿನಾ ಬೆಳಿಗ್ಗೆ ಒಂದು ಚೂರಿ ಮಸೆಯುತ್ತಾನೆ. ಯಾಕೆಂದು ಕೇಳಿದರೆ, “ಸೇಬು ಹೆಚ್ಚಕ್ಕೆ” ಎನ್ನುತ್ತಾನೆ. ಅವನು ಸೇಬು ತಿಂದದ್ದನ್ನು ಕಂಡವರಿಲ್ಲ; ಬಾಯಲ್ಲಿ ಹಲ್ಲೇ ಇಲ್ಲ. ಆದರೆ ಡ್ವೇನ್ ಹೋರಿಗೆ ಹಗ್ಗ ಎಸೆದಾಗಲೆಲ್ಲ ಅಜ್ಜ ತನ್ನ ಕುದುರೆಯನ್ನು ಪಕ್ಕಕ್ಕೆ ತರುತ್ತಾನೆ. ಹೋರಿ ತಣ್ಣಗಾಗುವವರೆಗೂ ಬಿಗಿದ ಆ ಹಗ್ಗದ ಮಗ್ಗುಲಲ್ಲೇ, ಬಿಚ್ಚಿದ ಚೂರಿ ಹಿಡಿದು ಸಾಗುತ್ತಾನೆ. ಅಷ್ಟು ಹೊತ್ತು ಮಾತ್ರ ಅವನ ಬಾಯಿ ಮುಚ್ಚಿರುತ್ತದೆ.