ಅರ್ಧ ಇಂಚಿನ ಉಸಿರು

ನನ್ನ ಸೋದರತ್ತೆಗೆ ಬೀದಿಯವರು ಇಟ್ಟ ಹೆಸರು ‘ಅರ್ಧ ಇಂಚು’. ಯಾರ ಬಟ್ಟೆ ಹೊಲಿದರೂ ಎದೆಯ ಸುತ್ತಳತೆಗೆ ಅಷ್ಟು ಸೇರಿಸದೆ ಅವಳ ಕತ್ತರಿ ಮುಂದೆ ಹೋಗುತ್ತಿರಲಿಲ್ಲ. ಬಿಗಿಯಾಗೇ ಬೇಕೆಂದು ಹಟ ಹಿಡಿದವರಿಗೆ “ಆಗಲಮ್ಮ, ಹಾಗೇ ಹೊಲೀತೀನಿ” ಎಂದು ತಲೆಯಾಡಿಸಿ, ಅವರಿಗೂ ಅರ್ಧ ಇಂಚು ಸೇರಿಸುತ್ತಿದ್ದಳು. ಚಿಕ್ಕಂದಿನಲ್ಲಿ ಅವಳು ಒಂದು ನಾಟಕ ಕಂಪನಿಯ ಹೊಲಿಗೆ ಕೋಣೆಯಲ್ಲಿದ್ದಳು. ಆಟ ಮುಗಿದು ನಟಿಯರು ಕುಪ್ಪಸ ಬಿಚ್ಚಿದರೆ ಪಕ್ಕೆಯ ಮೇಲೆ ಕೆಂಪು ಬರೆಗಳು ಮೂಡಿರುತ್ತಿದ್ದವಂತೆ. ಬಟ್ಟೆ ಮೈಗೆ ಮೊದಲು ಕೊಡಬೇಕಾದದ್ದು ಗಾಳಿ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು.

ಒಂದು ದಿನ ಹೆಸರಾಂತ ಗಾಯಕಿಯೊಬ್ಬರ ಮಗಳು ಅಂಗಡಿಗೆ ಬಂದಳು. ಗಾಯಕಿ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ನೆನಪಿನ ಕಾರ್ಯಕ್ರಮದಲ್ಲಿ ಅವರ ಹಾಡುಗಳನ್ನು ಅವರದೇ ವೇದಿಕೆಯ ಉಡುಪುಗಳಲ್ಲಿ ಮಗಳು ಹಾಡುವುದೆಂದು ನಿಶ್ಚಯವಾಗಿತ್ತು. ಹಳೆಯ ಉಡುಪುಗಳನ್ನು ಹುಳು ತಿಂದಿತ್ತು. ಅವುಗಳಲ್ಲಿ ಮುಖ್ಯವಾದುದು ಕಡುಹಸಿರು ಮಖಮಲ್ಲಿನ ನಿಲುವಂಗಿ: ಕತ್ತು ಮುಚ್ಚುವ ಕಾಲರು, ಬೆನ್ನಿನುದ್ದಕ್ಕೂ ಕೊಕ್ಕೆಗಳು. ಅದನ್ನು ತೊಟ್ಟು ಗಾಯಕಿ ಹಾಡುತ್ತಿದ್ದ ಹಾಡಿನಲ್ಲಿ ಒಂದು ಉದ್ದನೆಯ ಸಾಲು. ಅದರ ನಡುವೆ ಅವರು ಒಂದು ಕ್ಷಣ ನಿಂತುಬಿಡುತ್ತಿದ್ದರು. ಆ ನಿಲುಗಡೆಗೇ ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

“ಅದು ಬರದಿದ್ರೆ ನಾನು ಅಮ್ಮನ ಮಗಳೇ ಅಲ್ಲ ಅಂತಾರೆ ಅಕ್ಕ,” ಎಂದಳು ಮಗಳು. “ಎಷ್ಟು ಸಲ ಹಾಡಿದ್ರೂ ಬೇಕಂತ ನಿಲ್ಲಿಸಿದ ಹಾಗಿರತ್ತೆ. ಅಂಗಿ ಹಾಕ್ಕೊಂಡ್ರೆ ಬರುತ್ತೇನೋ.”

“ಅಂಗಿ ಹಾಡು ಕಲಿಸೋ ಹಾಗಿದ್ರೆ ನಾನಿಷ್ಟೊತ್ತಿಗೆ ಎಲ್ಲಿರ್ತಿದ್ದೆ ಗೊತ್ತಾ!” ಎಂದಳು ಅತ್ತೆ.

ಹರಿದ ತುಂಡುಗಳನ್ನು ಕಾಗದದ ಮೇಲೆ ಹರಡಿ ನಾನು ಅಂಚು ಗುರುತು ಮಾಡಿದೆ. ಹುಳು ತಿಂದ ಜಾಗವನ್ನು ಹಳೆಯ ಫೋಟೋ ನೋಡಿ ತುಂಬಿಕೊಂಡೆವು. ತಾಯಿ ಮಗಳ ಮೈಕಟ್ಟು ಒಂದೇ ಆಗಿದ್ದುದು ಅನುಕೂಲವಾಯಿತು. ಮಖಮಲ್ಲಿನ ಮೇಲಿನ ನವಿರೆಳೆಗಳು ಎಲ್ಲ ತುಂಡುಗಳಲ್ಲೂ ಒಂದೇ ದಿಕ್ಕಿಗಿರಬೇಕು, ಇಲ್ಲದಿದ್ದರೆ ದೀಪದ ಕೆಳಗೆ ಬಣ್ಣ ಬೇರೆಯಾಗಿ ಕಾಣುತ್ತದೆ. ಅತ್ತೆ ಅಂಗೈಯಿಂದ ಸವರಿ ಸವರಿ ಕತ್ತರಿಸಿದಳು.

ಹೊಲಿದಾದ ಮೇಲೆ ಮಗಳು ಅದನ್ನು ತೊಟ್ಟು ಕನ್ನಡಿಯ ಮುಂದೆ ಹಾಡಿದಳು. ನಿಲುಗಡೆಯೇನೋ ಬಂತು, ಬೇಡದ ನೆಂಟರೆದುರು ನಕ್ಕ ಹಾಗೆ. ಅವಳ ಮುಖ ಬಾಡಿತು. ನಾನು ಟೇಪು ಹಿಡಿದು ಹೊಸ ಅಂಗಿಯನ್ನು ಹಳೆಯ ಗುರುತಿಗೆ ಹೋಲಿಸಿದೆ.

“ಅತ್ತೆ, ಎದೆ ಅರ್ಧ ಇಂಚು ಜಾಸ್ತಿ ಇದೆ.”

“ಇದ್ದೇ ಇರತ್ತೆ. ಹೊಲಿದಿದ್ದು ಯಾರು?” ಎಂದವಳು ನಾಲಗೆ ಕಚ್ಚಿಕೊಂಡಳು.

ಬೆನ್ನಿನ ಬಟ್ಟೆಯನ್ನು ಅಷ್ಟೇ ಮಡಿಸಿ ಪಿನ್ನು ಚುಚ್ಚಿ, “ಈಗ ಹಾಡು ನೋಡೋಣ” ಎಂದಳು. ಸಾಲಿನ ನಡುವೆ ಮಗಳ ದನಿ ತಾನಾಗಿಯೇ ನಿಂತಿತು. ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದ ಅದೇ ನಿಲುಗಡೆ. ನನ್ನ ಮೈ ಜುಮ್ಮೆಂದಿತು. ಮಗಳು ಮಾತ್ರ ಮೇಜು ಹಿಡಿದುಕೊಂಡು ನಿಂತಿದ್ದಳು.

“ಉಸಿರು ಸಾಲಲಿಲ್ಲ ಅಕ್ಕ. ಅಷ್ಟೇ. ಅಮ್ಮಂಗೂ ಅಷ್ಟೇನಾ?”

ಅತ್ತೆ ಪಿನ್ನು ಕಿತ್ತಳು.

“ಯಾಕೆ ಕಿತ್ರಿ? ಹಾಗೇ ಬಿಗಿ ಮಾಡಿಕೊಡಿ.”

“ಇಷ್ಟು ವರ್ಷ ಯಾರ ಉಸಿರೂ ಹಿಡಿದವಳಲ್ಲ ತಾಯಿ ನಾನು.”

“ಜನ ಬರೋದು ಅದಕ್ಕೇ ಅಲ್ವಾ?”

ಕೊನೆಗೆ ಅತ್ತೆ ಕೊಕ್ಕೆ ಸಿಕ್ಕಿಸುವ ಕುಣಿಕೆಗಳನ್ನು ಎರಡು ಸಾಲು ಹೊಲಿದಳು, ಒಂದು ಬಿಗಿಗೆ, ಒಂದು ಸಡಿಲಕ್ಕೆ. “ಯಾವುದು ಅಂತ ಆ ಹೊತ್ತಿಗೆ ನೀನೇ ಹೇಳು. ಹಾಕೋದಷ್ಟೇ ನನ್ನ ಕೆಲಸ.”

ಕಾರ್ಯಕ್ರಮದಲ್ಲಿ ಆ ಹಾಡು ಕೊನೆಯದು. ಪರದೆಯ ಹಿಂದೆ ಮಗಳು ಬೆನ್ನು ತಿರುಗಿಸಿ ನಿಂತು “ಬಿಗಿ” ಎಂದಳು. ಅತ್ತೆ ಮೊದಲ ಕೊಕ್ಕೆ ಹಾಕಿದಳು. ಎರಡನೆಯದಕ್ಕೆ ಕೈ ಹೋಗುವಷ್ಟರಲ್ಲಿ, “ಬೇಡ ಅಕ್ಕ. ಸಡಿಲದ್ದೇ ಹಾಕಿ.”

“ಆಮೇಲೆ ನನ್ನ ಬೈಬೇಡ.”

“ಬೈಯೋಕೆ ಜನ ಇದ್ದಾರೆ ಬಿಡಿ, ನನಗೆ ಸರದಿ ಬರಲ್ಲ.”

ಆ ಸಾಲು ಹತ್ತಿರವಾದಂತೆ ಸಭೆ ಮೊದಲೇ ಸ್ತಬ್ಧವಾಯಿತು. ತಾಯಿಯ ಕಾಲದಿಂದಲೂ ಪಕ್ಕವಾದ್ಯ ನುಡಿಸುತ್ತಿದ್ದ ಪಿಟೀಲಿನ ಅಜ್ಜ ರೂಢಿಯಂತೆ ಆ ಜಾಗದಲ್ಲಿ ತಂತಿಯಿಂದ ಕಮಾನು ಎತ್ತಿದರು. ಮಗಳು ನಿಲ್ಲಲಿಲ್ಲ. ದನಿಯೊಂದೇ, ಜೊತೆಯಿಲ್ಲದೆ, ಸಾಲಿನ ತುದಿಯವರೆಗೆ ಹೋಗಿ ಇಳಿಯಿತು. ಚಪ್ಪಾಳೆ ತಡವಾಗಿ ಬಂತು, ಚದುರಿ ಬಂತು. “ಅಮ್ಮನ ಹಾಗಿಲ್ಲ” ಎಂದು ಮುಂದೆ ಕೂತಿದ್ದ ಒಬ್ಬಾಕೆ ಹೇಳಿದ್ದು ನಮ್ಮವರೆಗೂ ಕೇಳಿಸಿತು.

ಒಳಗೆ ಬಂದ ಮಗಳು ತಲೆಯೆತ್ತಲಿಲ್ಲ. ಅತ್ತೆ ನೀರು ಕೊಟ್ಟಳು. ಅಷ್ಟರಲ್ಲಿ ಅಜ್ಜ ಪಿಟೀಲನ್ನು ಕಂಕುಳಲ್ಲಿಟ್ಟುಕೊಂಡು ಬಂದರು.

“ನಡುವೆ ಕೈ ಬಿಟ್ಟುಬಿಟ್ಟೆ ಮಗಳೇ. ಹಾಳು ಅಭ್ಯಾಸ,” ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. “ನೀನು ತೊಟ್ಟಿಲಲ್ಲಿದ್ದಾಗ ನಿಮ್ಮಮ್ಮ ಮನೇಲಿ ಹೀಗೇ ಹಾಡೋಳು, ಒಂದೇ ಉಸಿರಲ್ಲಿ, ಬಟ್ಟೆ ಮಡಿಸ್ತಾ. ವೇದಿಕೆ ಮೇಲೆ ಯಾಕೆ ನಿಲ್ಲಿಸ್ತೀಯ ಅಂತ ನಾನೊಂದ್ಸಲನೂ ಕೇಳಲಿಲ್ಲ. ಚೆನ್ನಾಗಿತ್ತಲ್ಲ! ಜನಕ್ಕೆ ಅದೇ ಬೇಕಾಯ್ತು. ಆಮೇಲೆ ಮನೇಲೂ ಅವಳಿಗೆ ಅದೇ ಅಭ್ಯಾಸವಾಗಿಹೋಯ್ತು.”

ಮಗಳು ಲೋಟ ಕೆಳಗಿಟ್ಟಳು.

“ಇನ್ನೊಂದ್ಸಲ ನುಡಿಸ್ತೀರಾ ಅಜ್ಜ? ಕಮಾನು ಎತ್ತದೆ.”

ಅಜ್ಜ ಪಿಟೀಲನ್ನು ತೆಗೆದು ಶ್ರುತಿ ಮಾಡಿಕೊಳ್ಳತೊಡಗಿದರು.