ಮಾಸ್ತರರು ಮರೆತಿರಲಿಲ್ಲ

ರುದ್ರಪ್ಪ ಮಾಸ್ತರರು ಅಂದು ಸಾಲು ಮರೆತಿರಲಿಲ್ಲ. ಮರೆತರು ಎಂದು ಹೇಳಿದವನು ನಾನು. ಸುಳ್ಳು ಎಂದು ತಿಳಿದೇ ಹೇಳಿದೆ.

ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಹಳೆಯ ನಾಟಕಮಂದಿರವಿದೆ. ಹೆಂಚಿನ ಮಾಡು, ಸಣ್ಣ ರಂಗ, ಎದುರಿಗೆ ಹಾಸಿದ ಜಮಖಾನೆ. ಅಲ್ಲಿ ಮೈಕು ಬೇಕಿಲ್ಲ. ಹಾಡುವವರು ಉಸಿರೆಳೆದರೂ ಕೇಳುವವರಿಗೆ ಕೇಳಿಸುತ್ತದೆ. ಆ ಸಂಜೆ ಮಾಸ್ತರರ ತತ್ವಪದಗಳ ಬೈಠಕ್ಕಿತ್ತು. ಅವರ ಶಿಷ್ಯನಾದ ನಾನು ಹಿಂದೆ ಕುಳಿತು ದನಿಗೂಡಿಸುತ್ತಿದ್ದೆ. ಗುರುಗಳು ಉಸಿರು ತೆಗೆದುಕೊಂಡಾಗ ಹಾಡನ್ನು ಎತ್ತಿ ಹಿಡಿಯಬೇಕು, ಮತ್ತೆ ಅವರಿಗೇ ಒಪ್ಪಿಸಬೇಕು – ನನ್ನ ಕೆಲಸ ಇಷ್ಟೇ.

ತಾಯಿಯನ್ನು ಕರೆಯುವ ಒಂದು ಸಾಲು ಬಂತು. ಮಾಸ್ತರರು ಕಣ್ಣು ಮುಚ್ಚಿ ಸುಮ್ಮನಾದರು. ಆ ಸಾಲಿನಲ್ಲಿ ಅವರು ಯಾವಾಗಲೂ ಹಾಗೆ ನಿಲ್ಲುತ್ತಿದ್ದರು. ಹಮ್ಮಿಗಿಯ ಅವರ ಮನೆಯಲ್ಲಿ ಕಲಿಯುವಾಗ ಎಷ್ಟು ಸಲ ನೋಡಿದ್ದೆ – ದನಿ ಒಳಗೆ ಇಳಿದು, ತುಂಬಿಕೊಂಡು, ತಾನಾಗಿಯೇ ಮೇಲೆ ಬರುತ್ತಿತ್ತು. ಕಾಯಬೇಕಿತ್ತು. ನಾನು ಕಾಯಲಿಲ್ಲ.

ಸಾಲನ್ನು ನಾನೇ ಎತ್ತಿಕೊಂಡೆ. ಜನ "ಆಹಾ" ಎಂದರು. ಮಾಸ್ತರರು ಕಣ್ಣು ತೆರೆದು, ಹಾಡು ಮರಳಿ ಕೊಡು ಎಂಬಂತೆ ಕೈ ಎತ್ತಿದರು. ಕಂಡೆ. ಕಂಡೂ ಮುಂದಿನ ಆಲಾಪಕ್ಕೆ ಹೋದೆ. ಆ ಕೈ ಮೆಲ್ಲಗೆ ಕೆಳಗಿಳಿದು, ತೊಡೆಯ ಮೇಲೆ ನನಗಾಗಿ ತಾಳ ಹಾಕತೊಡಗಿತು.

ಹೊರಗೆ ಬಂದಾಗ ಮಂದಿರದ ಹಿರಿಯರೊಬ್ಬರು ಕೇಳಿದರು: "ಏನೋ ಶೇಖರಾ, ಮಾಸ್ತರಿಗೆ ನಡುವ ಮರ್ತಹೋತೇನ?"

"ಹೌದ್ರಿ… ವಯಸ್ಸಾತಲ್ರಿ."

ಇಷ್ಟೇ ಮಾತು. ನಾನು ಹಾಡಿದ ಭಾಗವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದರ ಜೊತೆಗೆ ನನ್ನ ಮಾತೂ ಊರೂರು ತಿರುಗಿತು. ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ ಹಾಡಲು ಕರೆ ಬಂತು – ನನಗೆ. ಮಾಸ್ತರರನ್ನು ಕರೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಆಮೇಲೆ ಯಾರೂ ಕರೆಯಲಿಲ್ಲ.

ಒಮ್ಮೆ ಹಮ್ಮಿಗಿಗೆ ಹೋದಾಗ ಅವರೇ ಕೇಳಿದರು: "ಖರೇ ಹೇಳು ಶೇಖರಾ. ಅವತ್ತ ನನಗ ಸಾಲು ಮರ್ತಿತ್ತೇನ? ನನಗ ಹಂಗ ಅನಸವಲ್ತು. ಮಂದಿ ಮಾತ್ರ ಹಂಗ ಅಂತಾರ."

ಆಗಲಾದರೂ ನಿಜ ಹೇಳಬಹುದಿತ್ತು – ಎದುರಿಗೆ ಅವರೊಬ್ಬರೇ ಇದ್ದರು. "ಒಂದೀಟ ಮರ್ತಿತ್ರಿ, ಮಾಸ್ತರ" ಎಂದೆ.

ಅವರು ತಲೆ ತಗ್ಗಿಸಿದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟರು. "ಆತು ಬಿಡು. ನೀ ಇದ್ದಿ, ನನ್ನ ಮಾನ ಉಳೀತು."

ಅವರು ತೀರಿಹೋಗಿ ಕೆಲವು ವರ್ಷಗಳಾದವು. ಈಚೆಗೆ ಅವರ ಮಗಳು ಗಿರಿಜಕ್ಕನ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಬೈದಾಳು, ಅತ್ತಾಳು ಅಂದುಕೊಂಡಿದ್ದೆ. ಆಕೆ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಬದಿಗಿಟ್ಟಳು.

"ಮನಿಗೆ ಯಾರರ ಬಂದ್ರ ಅಪ್ಪ ಹಾರ್ಮೋನಿಯಂ ಮುಂದ ಎಳಕೋತಿದ್ದ," ಎಂದಳು. "ನಾನ ಕಸಗೊಂಡು ಒಳಗ ಇಡ್ತಿದ್ದೆ. ಬ್ಯಾಡಪಾ, ನಡುವ ಮರೀತಿ, ಮಂದಿ ನಗ್ತಾರ ಅಂತಿದ್ದೆ. ಅಂವ ಒಂದ ಮಾತ ಆಡ್ತಿದ್ದಿಲ್ಲ… ಇದನ್ನ ನನ್ನ ಕೈಲೆ ಮಾಡಿಸಿದೆಲ್ಲೋ ತಮ್ಮಾ."

ಇದು ನನಗೆ ಗೊತ್ತಿರಲಿಲ್ಲ. ನನ್ನ ಸುಳ್ಳು ರಂಗದ ಮೇಲೆ ಮಾತ್ರ ಅವರ ಬಾಯಿ ಮುಚ್ಚಿಸಿತ್ತು ಎಂದು ತಿಳಿದಿದ್ದೆ. ಅದು ಮನೆಯೊಳಗೂ ಹೋಗಿ, ಹೆತ್ತ ಮಗಳ ಕೈಯಿಂದಲೇ – ಮುಂದೆ ಬರೆಯಲಾರೆ.

ಬರುವ ತಿಂಗಳು ಅದೇ ಮಂದಿರದಲ್ಲಿ ನನ್ನ ಬೈಠಕ್ಕಿದೆ. ಹಾಡುವ ಮೊದಲು ಈ ಮಾತನ್ನು ಎಲ್ಲರೆದುರು ಹೇಳುತ್ತೇನೆ. ಕೇಳಿದ ಮೇಲೆ ಅವರು ಎದ್ದು ಹೋಗು ಎಂದರೆ ಹೋಗುತ್ತೇನೆ. ಗಿರಿಜಕ್ಕನಿಗೆ ದಿನ ತಿಳಿಸಿ ಬಂದಿದ್ದೇನೆ. ಬಾ ಎಂದು ಕರೆಯುವ ಬಾಯಿ ಮಾತ್ರ ನನಗಿರಲಿಲ್ಲ.